ಅರ್ಧ ಡಿಗ್ರಿ

ಹೊಗೆ ಬಾಗಿತ್ತೆ, ಇಲ್ಲ ನನ್ನ ಕಣ್ಣಿಗೆ ಹಾಗೆ ಕಂಡಿತೆ? ಬಾಗಿದ್ದರೂ ಎಷ್ಟು ಹೊತ್ತು? ರೆಪ್ಪೆ ಬಡಿದಷ್ಟು ಹೊತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನಲವತ್ತನೆಯ ನಿಮಿಷದ ಅಂಕಿ ಬರೆದು ತಲೆಯೆತ್ತಿದಾಗ ಊದುಬತ್ತಿಯ ಹೊಗೆ, ಹಿಂದಿನ ಓಣಿಯ ಕಿಟಕಿಯಿಂದ ಯಾರೋ ಮೆಲ್ಲಗೆ ತಳ್ಳಿದ ಹಾಗೆ, ಒಂದು ಬೆರಳಿನಗಲ ವಾಲಿತ್ತು. ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ನೋಡಿದೆ. ವಾಲಿಯೇ ಇತ್ತು. ಪುಸ್ತಕದಲ್ಲಿ ಹೊಗೆಗೆ ಒಂದು ಕಲಂ ಇದೆ, ಗೆರೆ ಎಳೆದವನೂ ನಾನೇ. ಆ ಕಲಮಿನಲ್ಲಿ ನಲವತ್ತರಿಂದ ಐವತ್ತೈದರವರೆಗಿನ ನಿಮಿಷಗಳ ಎದುರು ನಾನು ಏನನ್ನೂ ಬರೆಯಲಿಲ್ಲ. ನೇರ ಎಂದು ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು. ಖಾಲಿ ಬಿಟ್ಟರೆ ಅದು ಏನಾಗುತ್ತದೆ?

ನಾನು ಇದನ್ನು ಯೋಚಿಸುತ್ತಿದ್ದಾಗ ಸುತ್ತ ಚಪ್ಪಾಳೆ ಬೀಳುತ್ತಿತ್ತು. ಊರಿನ ಅಧ್ಯಕ್ಷ ಉಮಾಪತಿಯವರು ಮಲ್ಲಾರಪ್ಪನ ಹೆಗಲಿಗೆ ಶಾಲು ಹೊದಿಸುತ್ತಿದ್ದರು. ಹದಿಮೂರನೆಯ ವರ್ಷವೂ ಮಲ್ಲಾರಪ್ಪನ ಲೇಪವೇ ಮೊದಲು. ಎಪ್ಪತ್ತೊಂದು ಡಿಗ್ರಿ. ಹೊರಗಿನ ಕಂಪನಿಯ ಟ್ಯೂಬಿನ ಲೇಪಕ್ಕೆ ಎಪ್ಪತ್ತಮೂರು. ಇನ್ನೆರಡು ಲೇಪಗಳು ಎಪ್ಪತ್ತಾರರ ಆಚೆಯೇ ಉಳಿದಿದ್ದವು. ಅಂಕಿಗಳನ್ನು ಗಟ್ಟಿಯಾಗಿ ಓದಿದವನು ನಾನು.

ನಮ್ಮ ಊರಲ್ಲಿ ಗಾಳಿ ಮನುಷ್ಯ ನಡೆದರೆ ಮಾತ್ರ ಅಲ್ಲಾಡುತ್ತದೆ. ಮರಕ್ಕೆ, ಹಕ್ಕಿಗೆ, ಯಂತ್ರಕ್ಕೆ ಅದು ಮಣಿಯುವುದಿಲ್ಲ. ಫ್ಯಾನು ತಿರುಗುತ್ತದೆ, ಕೆಳಗೆ ಕೂತವನ ಬೆವರು ಹಾಗೆಯೇ ಇರುತ್ತದೆ. ಕೂತಲ್ಲೇ ಬೀಸಣಿಗೆ ಬೀಸಿದರೂ ಅಷ್ಟೆ. ಎಲೆ ಉದುರಿದರೆ ಬುಡಕ್ಕೇ ಬೀಳುತ್ತದೆ. ಯಾರಾದರೂ ಮೆಣಸಿನಕಾಯಿ ಹುರಿದರೆ ಆ ಘಾಟು ಒಬ್ಬರು ಅದರ ಮೂಲಕ ನಡೆದು ಹೋಗುವವರೆಗೆ ಅಡುಗೆಮನೆಯಲ್ಲೇ ಕೂತಿರುತ್ತದೆ, ಆದ್ದರಿಂದ ಹುರಿದ ಮೇಲೆ ಅತ್ತೆಯೋ ಸೊಸೆಯೋ ನಾಲ್ಕು ಸುತ್ತು ಹಾಕುವುದು ಅಡುಗೆಯ ಕೊನೆಯ ಕೆಲಸ. ಹಬ್ಬದ ದಿನ ಬಾವುಟ ಹಾರಬೇಕಾದರೆ ಅದನ್ನು ಹಿಡಿದು ಓಡಬೇಕು. ಒದ್ದೆ ಬಟ್ಟೆಯನ್ನು ಹಗ್ಗದ ಮೇಲೆ ಹಾಕಿ ಕಾದರೆ ಮುಗ್ಗುಲು ಹಿಡಿಯುತ್ತದೆ, ಅದಕ್ಕೆ ನಾವು ಬಟ್ಟೆ ನಡೆಸುತ್ತೇವೆ. ಉದ್ದನೆಯ ಬಿದಿರಿನ ಗಳಕ್ಕೆ ಸೀರೆಯನ್ನೋ ಪಂಚೆಯನ್ನೋ ಹರವಿಕೊಂಡು ಓಣಿಯಲ್ಲಿ ಹೋಗಿ ಬಂದು ಮಾಡುತ್ತೇವೆ. ಹೆಣ್ಣು ನೋಡಲು ಬಂದವರು ಹಾಡು ಕೇಳುವುದಿಲ್ಲ, ಹತ್ತಿಸೀರೆ ಎಷ್ಟು ಸುತ್ತಿಗೆ ಒಣಗಿಸ್ತೀಯಮ್ಮ ಎಂದು ಕೇಳುತ್ತಾರೆ.

ಗಾಳಿ ಇಲ್ಲದ್ದರಿಂದ ಧೂಳೂ ಇಲ್ಲ. ನಮ್ಮ ಅನ್ನ ಅದರಿಂದಲೇ. ಹೊರಗಿನ ಊರುಗಳ ಕಂಪ್ಯೂಟರುಗಳು ಧೂಳು ತಿಂದು, ಬಿಸಿಯಾಗಿ, ಕೆಲಸ ನಿಲ್ಲಿಸಿ, ಲಾರಿಗಳಲ್ಲಿ ನಮ್ಮ ಗಡಿಯವರೆಗೆ ಬರುತ್ತವೆ. ನಾವು ಅವನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು ಬಿಚ್ಚುತ್ತೇವೆ. ಲೆಕ್ಕ ಮಾಡುವ ಚಿಪ್ಪಿನ ಮೇಲೆ ಅದರ ಬಿಸಿ ಹೀರುವ ತಾಮ್ರದ ಗಟ್ಟಿ ಕೂತಿರುತ್ತದೆ. ಎರಡರ ನಡುವೆ ಹಚ್ಚಿದ ಲೇಪ ಹಳೆಯ ಸುಣ್ಣದ ಹಾಗೆ ಒಣಗಿ ಬಿರುಕು ಬಿಟ್ಟಿರುತ್ತದೆ. ಅದನ್ನು ಕೆರೆದು ಒರೆಸಿ ಹೊಸ ಲೇಪ ಹಚ್ಚುವುದು ನಮ್ಮ ಕಸುಬು. ಇಡೀ ಒಂದು ಬೀದಿ, ಅರವತ್ತೆರಡು ಮನೆ, ಇದೇ ಕೆಲಸ ಮಾಡುತ್ತದೆ. ನಮ್ಮಲ್ಲಿ ಫ್ಯಾನಿನ ಆಸರೆ ಇಲ್ಲದೆ ತಣ್ಣಗೆ ಉಳಿದ ಯಂತ್ರ ಬೇರೆ ಯಾವ ಊರಲ್ಲಾದರೂ ತಣ್ಣಗೆ ಇರುತ್ತದೆ. ಆ ಕಾರಣಕ್ಕೆ ನಮ್ಮ ಊರಿನ ಮುದ್ರೆ ಬಿದ್ದ ಪೆಟ್ಟಿಗೆಯನ್ನು ಹೊರಗಿನವರು ಮತ್ತೆ ಬಿಚ್ಚಿ ಪರೀಕ್ಷಿಸುವುದಿಲ್ಲ. ಆ ಮುದ್ರೆಯನ್ನು ನೋಡಿದಾಗ ನನಗೆ ಈಗಲೂ ಎದೆ ಸ್ವಲ್ಪ ಮುಂದಕ್ಕೆ ಬರುತ್ತದೆ.

ಮಲ್ಲಾರಪ್ಪನ ಮನೆತನ ಮೊದಲು ಪಾತ್ರೆಗಳಿಗೆ ಕಲಾಯಿ ಹಾಕುತ್ತಿತ್ತು. ಕಾದ ಹಿತ್ತಾಳೆಯ ಮೇಲೆ ತವರವನ್ನು ಹತ್ತಿಯ ಉಂಡೆಯಿಂದ ಒಂದೇ ಎಳೆತಕ್ಕೆ ಕನ್ನಡಿಯಾಗುವಂತೆ ಹರಡುವ ಕೈ ಅದು. ಹಿತ್ತಾಳೆ ಪಾತ್ರೆಗಳು ಹೋದವು, ಯಂತ್ರಗಳು ಬಂದವು, ಕೈ ಮಾತ್ರ ಅದೇ ಉಳಿಯಿತು. ಸತುವಿನ ಭಸ್ಮವನ್ನು ಕಾಯಿಸಿದ ಹರಳೆಣ್ಣೆಯಲ್ಲಿ ಕಲಸಿ, ಕರಿಕಲ್ಲಿನ ಒರಳಿನಲ್ಲಿ ಒಂಬತ್ತು ದಿನ ಅರೆಯುತ್ತಿದ್ದ. ಉಗುರಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದರೆ ಒಂದೇ ಒಂದು ಕಣವೂ ಸಿಕ್ಕಬಾರದು. ಸಿಕ್ಕರೆ ಮತ್ತೆ ಒಂಬತ್ತು ದಿನ. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಆ ಒರಳಿನ ಎದುರು ಕೂತವನು. ಅವನು ಅರೆಯುತ್ತಿದ್ದ, ನಾನು ನೋಡುತ್ತಿದ್ದೆ, ನಾವು ಮಾತಾಡುತ್ತಿರಲಿಲ್ಲ. ನನ್ನ ಬದುಕಿನ ಒಳ್ಳೆಯ ಮಧ್ಯಾಹ್ನಗಳೆಲ್ಲ ಅಲ್ಲಿಯೇ ಕಳೆದವು.

ಪದವಿಗೆಂದು ಮೂರು ವರ್ಷ ಗಾಳಿ ಬೀಸುವ ಊರೊಂದರಲ್ಲಿದ್ದೆ. ಅಲ್ಲಿ ಬಾಗಿಲುಗಳು ತಾವಾಗಿಯೇ ಬಡಿದುಕೊಳ್ಳುತ್ತಿದ್ದವು, ನಿದ್ದೆ ಬರುತ್ತಿರಲಿಲ್ಲ. ಭೌತಶಾಸ್ತ್ರ ಮುಗಿಸಿ ಬಂದಾಗ ಊರವರು ನನ್ನ ಹೆಸರು ತೆಗೆದು ಬಿಎಸ್ಸಿ ಎಂದು ಕರೆಯತೊಡಗಿದರು. ವರ್ಷಕ್ಕೊಮ್ಮೆ ನಡೆಯುವ ಲೇಪಗಳ ಪಂದ್ಯಕ್ಕೆ, ನಮ್ಮ ಮಾತಿನಲ್ಲಿ ತೂಗಾಟಕ್ಕೆ, ಅಂಕಿ ಓದುವವನು ಯಾರು ಎಂಬ ಮಾತು ಬಂದಾಗ ಮಲ್ಲಾರಪ್ಪನೇ ಎದ್ದು, "ಬಿಎಸ್ಸಿ ಓದ್ಲಿ. ಮಾತು ಕಮ್ಮಿ ಇರೋನು ಸುಳ್ಳೂ ಕಮ್ಮಿ ಹೇಳ್ತಾನೆ" ಅಂದಿದ್ದ. ಹಾಗೆ ಆ ಪುಸ್ತಕ ನನ್ನ ಕೈಗೆ ಬಂತು.

ತೂಗಾಟದ ದಿನ ಇಡೀ ಊರು ಕೂರುತ್ತದೆ. ತಮಟೆ ಬಡಿದ ಮೇಲೆ ಯಾರೂ ನಡೆಯಬಾರದು, ಬೀದಿಯಲ್ಲಿದ್ದವರು ಬೀದಿಯಲ್ಲೇ ಕೂರಬೇಕು. ಹಳೆಯ ನೂಲಿನ ಗಿರಣಿಯ ಹಜಾರದಲ್ಲಿ ಒಂದೇ ಯಂತ್ರಕ್ಕೆ ಒಂದೇ ಭಾರದ ಕೆಲಸ ಕೊಟ್ಟು, ಪ್ರತಿ ಲೇಪಕ್ಕೂ ಒಂದು ಗಂಟೆ. ತಂದವರೇ ತಮ್ಮ ಲೇಪ ಹಚ್ಚಬೇಕು. ಅರವತ್ತನೆಯ ನಿಮಿಷದ ಅಂಕಿಯೇ ಅಂತಿಮ, ಕಡಿಮೆ ಬಿಸಿಯಾದದ್ದು ಗೆಲ್ಲುತ್ತದೆ. ಪಕ್ಕದಲ್ಲಿ ಒಂದು ಊದುಬತ್ತಿ, ಹೊಗೆ ನೂಲಿನ ಹಾಗೆ ನಿಂತಿದ್ದರೆ ಗಾಳಿ ಕೂತಿದೆ ಎಂದು ಅರ್ಥ. ಮಾತಾಡಬಾರದೆಂಬ ನಿಯಮವಿಲ್ಲ, ಆದರೂ ಯಾರೂ ಮಾತಾಡುವುದಿಲ್ಲ. ಗಂಟೆಗೊಮ್ಮೆ ಕಾಲು ಜೋಮು ಬಿಡಿಸಿಕೊಳ್ಳಲು ಬಿಡುತ್ತಾರೆ, ಮತ್ತೆ ತಮಟೆ. ಗೆದ್ದ ಲೇಪವನ್ನೇ ಮುಂದಿನ ವರ್ಷದವರೆಗೆ ಬೀದಿಯ ಅರವತ್ತೆರಡು ಮನೆಗಳೂ ಹಚ್ಚಬೇಕು. ಸೋತರೆ ಮಲ್ಲಾರಪ್ಪನ ಒರಳು ಒಂದು ವರ್ಷ ನಿಲ್ಲುತ್ತದೆ. ಅವನಿಗೆ ಅರವತ್ತೆಂಟು. ಆ ವಯಸ್ಸಿನಲ್ಲಿ ಒಂದು ವರ್ಷ ನಿಂತ ಒರಳು ಮತ್ತೆ ತಿರುಗುವುದು ಕಷ್ಟ ಎಂದು ಎಲ್ಲರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ನಾನು ಅವನ ಮನೆಗೆ ಹೋದೆ. ಮನೆ ಗಿರಣಿಯ ಹಿಂದೆಯೇ, ನಡುವೆ ಓಣಿ. ಹೊಸ ಹದಕ್ಕೆ ಭಸ್ಮ ಸೋಸುತ್ತ ಕೂತಿದ್ದ. ನಾನೂ ಕೂತೆ.  ಅವನು ಒಮ್ಮೆ ನನ್ನ ಮುಖ ನೋಡಿದ.

"ಹೊಟ್ಟೇಲಿ ಕಲ್ಲು ಇಟ್ಕೊಂಡು ಬಂದಿದ್ಯ" ಅಂದ. "ಉಗುಳು."

"ನಿಮ್ಮ ಗಂಟೇಲಿ ಹೊಗೆ ಬಾಗಿತ್ತು."

ಜರಡಿ ನಿಂತಿತು. "ಎಷ್ಟು?"

"ಒಂದು ಬೆರಳು."

"ಯಾವಾಗ?"

"ನಲವತ್ತನೇ ನಿಮಿಷದಿಂದ. ಐವತ್ತೈದರವರೆಗೆ ಇತ್ತು."

"ಆ ಟ್ಯೂಬಿನ ಹುಡುಗಿ ಲೇಪದ ಗಂಟೇಲಿ?"

"ನೂಲಿನ ಹಾಗಿತ್ತು."

ಅವನು ಓಣಿಯಾಚೆಯ ಗಿರಣಿಯ ಕಿಟಕಿಯ ಕಡೆ ನೋಡಿದ, ಆಮೇಲೆ ಒಳಗೆ ಕೂಗಿದ. "ಏ ಸಣ್ಣೀರಿ, ಬಾ ಇಲ್ಲಿ. ನಿನ್ನೆ ತಮಟೆ ಹೊಡೆದ ಮೇಲೆ ಓಣೀಲಿ ಏನಾದ್ರೂ ನಡೆಸಿದ್ಯ?"

ಅವನ ಹೆಂಡತಿ ಸಣ್ಣೀರಮ್ಮ ಸೌಟು ಹಿಡಿದೇ ಬಂದಳು. "ಹೂಂ, ನಡೆಸ್ದೆ. ನಿನಗೆ ಶಾಲು ಹೊದಿಸೋವಾಗ ನಾನು ಆ ಹರಕಲು ಸೀರೇಲಿ ಬಂದು ನಿಂತ್ಕೊಳ್ಲಾ? ಹಸಿರು ಸೀರೆ ಒಗೆದು ನಡೆಸ್ದೆ. ಒಣಗಲೇ ಇಲ್ಲ ಪೂರ್ತಿ. ಒದ್ದೇದನ್ನೇ ಉಟ್ಕೊಂಡ್ ಬಂದಿದ್ದೆ, ನೀನು ನೋಡಿದ್ರೆ ತಾನೆ?"

"ತಮಟೆ ಕೇಳಿಸ್ಲಿಲ್ವೇನೆ ನಿನಗೆ?"

"ಕೇಳಿಸ್ತು. ಹನ್ನೆರಡು ವರ್ಷ ಗೆದ್ದೋನು ಇವತ್ತೇನು ಸೋಲ್ತಾನ ಅಂದ್ಕೊಂಡೆ. ನಾನು ನಡೆದ್ರೆ ಏನಾಗ್ತೈತೆ?" ಅವಳು ನಮ್ಮಿಬ್ಬರ ಮುಖ ನೋಡಿದಳು. ಸೌಟು ಕೆಳಗಿಳಿಯಿತು. "ಏನಾಯ್ತು?"

ಒದ್ದೆ ಬಟ್ಟೆ ಹಿಡಿದು ಕಿಟಕಿಯ ಪಕ್ಕ ನಡೆದರೆ ತಂಪು ಗಾಳಿ ಒಳಗೆ ನುಗ್ಗಿ ಯಂತ್ರದ ಬಿಸಿ ಇಳಿಸುತ್ತದೆ ಎಂದು ನಮ್ಮ ಊರಿನ ಕೂಸಿಗೂ ಗೊತ್ತು. ಅವಳಿಗೂ ಗೊತ್ತಿತ್ತು, ಗೆಲುವಿನ ಮೇಲಿದ್ದ ನಂಬಿಕೆಯಲ್ಲಿ ಅದನ್ನು ಒಂದು ಗಳಿಗೆ ಮರೆತಿದ್ದಳು. ನಿಧಾನವಾಗಿ ಗೋಡೆಗೆ ಒರಗಿ ಕೂತಳು.

"ಹೋದ ವರ್ಷ?" ಎಂದ ಮಲ್ಲಾರಪ್ಪ.

"ಇಲ್ಲಪ್ಪ. ಹೋದ ವರ್ಷ ಸೀರೆ ಮಡಿಚಿಟ್ಟಿದ್ದೆ. ಅದರ ಹಿಂದಿನ ವರ್ಷ ತಂಗಿ ಮನೇಲಿದ್ದೆ. ನಮ್ಮವ್ವನಾಣೆ, ಇದೊಂದೇ ಸಲ."

"ಬದುಕ್ದೆ" ಎಂದು ಅವನು ನಕ್ಕ. "ಇಲ್ದಿದ್ರೆ ಹದಿಮೂರು ವರ್ಷದಿಂದ ಗೆಲ್ತಿರೋದು ಲೇಪ ಅಲ್ಲ, ನನ್ನ ಹೆಂಡ್ತಿ ಸೀರೆ ಅಂತ ಬೋರ್ಡ್ ಹಾಕಿಸ್ಬೇಕಾಗ್ತಿತ್ತು." ಆಮೇಲೆ ನಗು ಹಾಗೆಯೇ ಇದ್ದರೂ ಧ್ವನಿ ಇಳಿಯಿತು. "ನಿನ್ನ ಪುಸ್ತಕದಲ್ಲಿ ಏನ್ ಬರೆದಿದ್ಯ?"

"ಖಾಲಿ ಬಿಟ್ಟಿದೀನಿ."

"ಯಾಕೆ?"

 ಉತ್ತರಕ್ಕೆ ಅವನು ಕಾಯಲಿಲ್ಲ. ಜರಡಿ ಕೊಡವಿ, ಗೋಡೆಯ ಮೊಳೆಯಿಂದ ಶಾಲು ತೆಗೆದು ಮಡಿಚಿ, ಕಂಕುಳಲ್ಲಿ ಇಟ್ಟುಕೊಂಡು ಎದ್ದ. "ನಡಿ, ಆ ಹುಡುಗಿ ಬಸ್ಸು ಹತ್ತಿ ಹೋದ್ರೆ ಕಷ್ಟ."

ಆ ಹುಡುಗಿ ಎಂದರೆ ಲವಿನಾ, ಟ್ಯೂಬಿನ ಕಂಪನಿಯ ಇಂಜಿನಿಯರ್, ಕಡಲಿನ ಕಡೆಯವಳು. ಬಸ್ ನಿಲ್ದಾಣದಲ್ಲಿ ಅವಳು ಆಗಲೇ ಹತ್ತಿ ಕಿಟಕಿಯ ಪಕ್ಕ ಕೂತಿದ್ದಳು. ಮಲ್ಲಾರಪ್ಪ ಬಸ್ಸಿನ ತಗಡು ಬಡಿದು, "ಇಳಿಯವ್ವ. ನೀನು ಇನ್ನೂ ಸೋತಿಲ್ಲ" ಎಂದ.

"ಎಂಥದು? ಎರಡು ಡಿಗ್ರಿ ಕಮ್ಮಿ ಬಂತಲ್ಲ ಮಾರಾಯ್ರೆ ನಿಮ್ಮದು?"

"ಒಂದಷ್ಟು ನನ್ನದಲ್ಲ. ನನ್ನ ಹೆಂಡ್ತೀದು. ಇಳಿ, ಹೇಳ್ತೀನಿ."

ಅವಳು ಇಳಿದಳು, ಅವಳ ಹಿಂದೆ ಚೀಲಗಳೂ ಇಳಿದವು. ಕಂಡಕ್ಟರ್, "ಹತ್ತೋರು ಹತ್ರಿ, ಇಳಿಯೋರು ಇಳಿರಿ, ಒಂದು ತೀರ್ಮಾನಕ್ಕೆ ಬನ್ರಿ" ಎಂದು ರೇಗಿದ.

ಉಮಾಪತಿಯವರು ಮಾತ್ರ ಇದನ್ನು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಕಚೇರಿಯಲ್ಲಿ ಲವಿನಾಳನ್ನು ಹೊರಗೆ ಕೂರಿಸಿ, ಬಾಗಿಲು ಮುಂದೆ ಮಾಡಿ, ನನ್ನ ಮೇಲೆ ಹಾಯ್ದರು. "ಹುಟ್ಟಿದಾಗಿನಿಂದ ಬಾಯಿ ಮುಚ್ಕೊಂಡಿದ್ದೋನು, ಇವತ್ತೊಂದು ದಿನ ಮುಚ್ಕೊಂಡಿರಕ್ಕೆ ಆಗ್ಲಿಲ್ವ ನಿನಗೆ? ಅದೇನು ಹೊಸದಾಗಿತ್ತ?"

ನಾನು ಮುಚ್ಚಿಕೊಂಡೇ ಇದ್ದೆ.

"ಊರಿನ ಮರ್ಯಾದೆ ಪ್ರಶ್ನೆ ಮಲ್ಲಾರಪ್ಪ. ಹೊಗೆ ಒಂದು ಬೆರಳು ವಾಲ್ತಂತೆ. ನಮ್ಮಪ್ಪ ಕುಡಿದು ಬಂದಾಗ ಇದಕ್ಕಿಂತ ಹೆಚ್ಚು ವಾಲ್ತಿದ್ದ, ಆದ್ರೂ ಅವನನ್ನ ಊರು ಗೌಡ ಅಂತಲೇ ಕರೀತಿತ್ತು."

"ಅದಕ್ಕೆ ಅವರ ಮಾತಿಗೆ ಯಾರೂ ಮುದ್ರೆ ಒತ್ತಿಸ್ಕೊಂಡು ಹೋಗ್ತಿರ್ಲಿಲ್ಲ ಸ್ವಾಮಿ" ಎಂದ ಮಲ್ಲಾರಪ್ಪ. ಶಾಲನ್ನು ಮೇಜಿನ ಮೇಲಿಟ್ಟ. "ಹೊರಗಿನೋರು ನಮ್ಮ ಪೆಟ್ಟಿಗೆ ಬಿಚ್ಚಿ ನೋಡಲ್ಲ. ಯಾಕೆ ನೋಡಲ್ಲ ಹೇಳ್ರಿ? ನಮ್ಮ ಲೇಪಕ್ಕಲ್ಲ. ನಾವು ಕೂರ್ತೀವಲ್ಲ, ಅದಕ್ಕೆ. ತಮಟೆ ಬಡಿಸ್ರಿ ಇನ್ನೊಂದ್ಸಲ."

ಉಮಾಪತಿಯವರು ಆ ಶಾಲನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ತಮಟೆಯವನನ್ನು ಕರೆಸಿದರು. ಅವರ ಬಗ್ಗೆ ನನಗೆ ಅಂದಿನಿಂದ ಒಂದು ಗೌರವ ಇದೆ, ಅವರಿಗೆ ಅದು ಗೊತ್ತಿಲ್ಲ.

ಎರಡು ಲೇಪ, ಎರಡು ಗಂಟೆ. ಮರುದಿನ ಬೆಳಿಗ್ಗೆ ಹತ್ತಕ್ಕೆ ಊರು ಮತ್ತೆ ಕೂತಿತು. ಹೊಲಿಗೆಯವನು ಹೊಲಿಗೆ ಯಂತ್ರದ ಮುಂದೆ, ಹಾಲಿನವಳು ಕ್ಯಾನಿನ ಪಕ್ಕದಲ್ಲಿ, ಶಾಲೆಯ ಮಾಸ್ತರು ಅರ್ಧ ದಾಟಿದ ಬೀದಿಯ ನಡುವೆಯೇ. ಈ ಸಲ ಸಣ್ಣೀರಮ್ಮ ಹಜಾರದ ಒಳಗೆ ಎಲ್ಲರಿಗೂ ಕಾಣುವ ಹಾಗೆ ಕಂಬಕ್ಕೆ ಒರಗಿ ಕೂತಿದ್ದಳು. ಪಕ್ಕದವಳು ಏನೋ ಪಿಸುಗುಟ್ಟಿದ್ದಕ್ಕೆ, "ಹೌದು ಕಣೆ, ನಾನೇ ನಡೆಸ್ದೋಳು. ಕಟ್ಟಾಕಿಸ್ಕೊಳ್ಳಕ್ಕೆ ಬಂದು ಕೂತಿದೀನಿ, ಹಗ್ಗ ತಂದಿದ್ಯ?" ಎಂದಳು. ನಾಲ್ಕು ಜನ ನಕ್ಕರು, ಹಜಾರ ಸ್ವಲ್ಪ ಸಡಿಲಾಯಿತು.

ಚೀಟಿ ಎತ್ತಿದಾಗ ಮೊದಲ ಗಂಟೆ ಲವಿನಾಳಿಗೆ ಬಂತು. ಅವಳು ಚಿಪ್ಪನ್ನು ಒರೆಸಿ, ಟ್ಯೂಬಿನಿಂದ ನಡುವೆ ಕಡಲೆಕಾಳಿನಷ್ಟು ಲೇಪ ಹಿಂಡಿ, ತಾಮ್ರದ ಗಟ್ಟಿಯನ್ನು ಮೇಲಿಂದ ಒತ್ತಲು ಎತ್ತಿಕೊಂಡಳು. ಮೊದಲ ದಿನವೂ ಹೀಗೆಯೇ ಹಚ್ಚಿದ್ದಳು. ಎಲ್ಲ ಊರುಗಳಲ್ಲೂ ಹೀಗೆಯೇ ಹಚ್ಚುತ್ತಾರೆ, ಟ್ಯೂಬಿನ ಮೇಲಿನ ಚಿತ್ರದಲ್ಲೂ ಹೀಗೆಯೇ ಇದೆ.

"ತಡಿಯವ್ವ" ಎಂದ ಮಲ್ಲಾರಪ್ಪ. ಹಜಾರದ ತಲೆಗಳೆಲ್ಲ ತಿರುಗಿದವು. "ಮೊನ್ನೆ ನಿಂದು ಒರೆಸೋವಾಗ ನೋಡ್ದೆ. ಮೂಲೇಲಿ ಎರಡು ಗುಳ್ಳೆ ಉಳಿದಿದ್ವು."

"ಒತ್ತಿದರೆ ಗಾಳಿ ಬದಿಯಿಂದ ಹೊರಗೆ ಹೋಗ್ತದೆ ಅಲ್ವಾ?"

"ನಿಮ್ಮೂರಲ್ಲಿ ಹೋಗ್ತೈತೆ. ನಮ್ಮೂರ ಗಾಳಿ ಹಂಗಲ್ಲ. ಕೂತ್ರೆ ಮನೆ ಅಳಿಯನ ಹಂಗೆ ಕೂತೇಬಿಡ್ತೈತೆ. ಒತ್ತಿದ್ರೆ ಏಳಲ್ಲ, ಕೈ ಹಿಡಿದು ಎಬ್ಬಿಸ್ಬೇಕು." ಅವನು ಜೇಬಿನಿಂದ ಹಳೆಯ ಎಕ್ಸ್‌ರೇ ಹಾಳೆಯಿಂದ ಕತ್ತರಿಸಿದ ಎರಡು ಬೆರಳಗಲದ ತುಂಡೊಂದನ್ನು ತೆಗೆದ. "ಹಿಂಗೆ, ಒಂದು ಅಂಚಿಂದ ಇನ್ನೊಂದು ಅಂಚಿಗೆ, ಒಂದೇ ಉಸಿರಲ್ಲಿ ಎಳೀಬೇಕು. ನಡುವೆ ಕೈ ಎತ್ಬಾರ್ದು."

ಲವಿನಾ ಆ ತುಂಡು ತೆಗೆದುಕೊಂಡು ಪ್ರಯತ್ನಿಸಿದಳು. ಒಂದು ಕಡೆ ದಪ್ಪ, ಒಂದು ಕಡೆ ಚಿಪ್ಪು ಬರಿಗಣ್ಣಿಗೇ ಕಾಣುವಷ್ಟು ತೆಳು. ಒರೆಸಿ ಮತ್ತೆ ಎಳೆದಳು. ಇನ್ನೂ ಕೆಟ್ಟಿತು. ಮುನ್ನೂರು ಜನ ನೋಡುತ್ತಿದ್ದರು. "ಬರುದಿಲ್ಲ ನಂಗೆ" ಎಂದಳು ಮೆಲ್ಲಗೆ. "ನಾನು ಕಾಳು ಇಟ್ಟೇ ಒತ್ತುತ್ತೇನೆ. ಮೊನ್ನೆ ಬಂದಷ್ಟೇ ಬರ್ಲಿ."

ಮೊನ್ನೆ ಬಂದದ್ದು ಎಪ್ಪತ್ತಮೂರು. ಆಗ ಹೊಗೆ ನೇರವಾಗಿತ್ತು, ಅಂದರೆ ಅವಳ ಕೈಯಲ್ಲಿ ಅವಳ ಲೇಪದ ನಿಜವಾದ ಅಂಕಿ ಅದೇ. ಮಲ್ಲಾರಪ್ಪನ ನಿಜವಾದ ಅಂಕಿ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಸೀರೆ ಎಷ್ಟು ಇಳಿಸಿತ್ತು, ಲೇಪ ಎಷ್ಟು ಇಳಿಸಿತ್ತು, ಬೇರ್ಪಡಿಸಲು ದಾರಿಯಿರಲಿಲ್ಲ. ಆದರೆ ಐವತ್ತು ವರ್ಷ ಆ ಕೆಲಸ ಮಾಡಿದವನಿಗೆ ಒಂದು ಅಂದಾಜು ಇದ್ದೇ ಇರುತ್ತದೆ.

ಅವನು ಉಮಾಪತಿಯವರ ಕಡೆ ತಿರುಗಿದ. "ಆಯಮ್ಮನ ಪರವಾಗಿ ನಾನು ಹಚ್ಬಹುದಾ?"

"ನಿನಗೆ ತಲೆ ನೆಟ್ಟಗಿದ್ಯ?" ಎಂದರು ಅಧ್ಯಕ್ಷರು. "ತಂದೋರೇ ಹಚ್ಬೇಕು ಅಂತ ನಿಯಮ."

"ತಂದೋರು ಇನ್ನೊಬ್ಬರ ಕೈಲಿ ಹಚ್ಚಿಸ್ಬಾರದು ಅಂತ ಇಲ್ಲ. ಬಿಎಸ್ಸಿ, ಇದ್ಯೇನೋ?"

ನಾನು ಪುಸ್ತಕದ ಮೊದಲ ಪುಟ ನೋಡಿ, ಇಲ್ಲ ಎಂದು ತಲೆಯಾಡಿಸಿದೆ.

"ಅವರಿಗೆ ಒಪ್ಗೆನಾ?" ಎಂದರು ಅಧ್ಯಕ್ಷರು, ಒಪ್ಪಬೇಡವೆಂದು ಬೇಡುವ ಮುಖದಲ್ಲಿ.

ಲವಿನಾ ಮಲ್ಲಾರಪ್ಪನನ್ನೇ ನೋಡುತ್ತಿದ್ದಳು. "ನೀವು ಬೇಕಂತಲೇ ಹಾಳು ಮಾಡಿದ್ರೆ?"

ಹಜಾರದಲ್ಲಿ ಒಂದು ಗೊಣಗು ಎದ್ದಿತು. ಮಲ್ಲಾರಪ್ಪ ಮಾತ್ರ ಅದನ್ನು ಒಳ್ಳೆಯ ಪ್ರಶ್ನೆ ಎಂಬಂತೆ ತೆಗೆದುಕೊಂಡ. "ಮೊನ್ನೆ ಅಂಕಿಗಿಂತ ಒಂದು ಕೂದಲು ಮೇಲೆ ಹೋದ್ರೂ ನಾನು ಸೋತೆ ಅಂತ ಬರ್ಕೊಳ್ಳಿ" ಎಂದ. ಅವಳು ಎಕ್ಸ್‌ರೇ ತುಂಡನ್ನು ಅವನ ಕೈಗೆ ಕೊಟ್ಟಳು.

ನಾನು ಅವನು ಲೇಪ ಹಚ್ಚುವುದನ್ನು ಸಾವಿರ ಸಲ ನೋಡಿದ್ದೇನೆ. ಅಂದಿನದು ಅದೆಲ್ಲದರಿಂದ ಬೇರೆಯಾಗಿತ್ತೆಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಅದು ಬೇರೆಯಾಗಿರಲಿಲ್ಲ. ಅದೇ ಕೈ, ಅದೇ ವೇಗ. ಬೇರೆಯವರ ಲೇಪವೆಂದು ಹೆಚ್ಚಿನ ಎಚ್ಚರವೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ. ಕಾಳನ್ನು ಅಂಚಿಗೆ ತಂದು, ಮೊಣಕೈ ಪಕ್ಕೆಗೆ ಒತ್ತಿ, ಒಂದೇ ಎಳೆತ. ಬೂದುಬಣ್ಣದ ಹಾಳೆಯೊಂದು ಚಿಪ್ಪಿನ ಮೇಲೆ ಮಲಗಿತು. ತಾಮ್ರದ ಗಟ್ಟಿಯನ್ನು ಓರೆಯಾಗಿ ಒಂದು ಅಂಚಿನಿಂದ ಇಳಿಸಿದ, ಕೊನೆಯ ಗಾಳಿ ಎದ್ದು ಹೋಗಲು ಬಾಗಿಲು ತೆರೆದಿಡುವ ಹಾಗೆ. ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ತಿರುಗಿಸಿ, ಹೋಗಿ ತನ್ನ ಜಾಗದಲ್ಲಿ ಕೂತ.

ತಮಟೆ ಬಡಿಯಿತು. ಊದುಬತ್ತಿ ಹಚ್ಚಿದೆ. ಹೊಗೆ ನಿಂತಿತು.

ಆ ಗಂಟೆಯನ್ನು ನಾನು ಹೇಗೆ ಹೇಳಲಿ? ಇಡೀ ಊರು ತನ್ನ ಸೋಲು ಬರಬಹುದಾದ ದಾರಿಯನ್ನು ತೆರೆದಿಟ್ಟುಕೊಂಡು, ಅದರ ಎದುರು ಕದಲದೆ ಕೂತಿತ್ತು. ಮುನ್ನೂರು ಜನರಲ್ಲಿ ಒಬ್ಬ ಎದ್ದು ನಾಲ್ಕು ಹೆಜ್ಜೆ ಹಾಕಿದ್ದರೂ ಅದು ಕೆಟ್ಟುಹೋಗುತ್ತಿತ್ತು. ಒಂದು ಮುದುಕಿಗೆ ಕೆಮ್ಮು ಬಂತು, ಸೆರಗು ಬಾಯಿಗೆ ತುರುಕಿಕೊಂಡು ಕೂತಲ್ಲೇ ಕೆಮ್ಮಿದಳು. ನಾನು ಗಾಳಿಯ ಊರಲ್ಲಿ ಓದಿದ್ದೇನೆ, ಅಲ್ಲಿ ಜಾಣರನ್ನು ಕಂಡಿದ್ದೇನೆ. ಇಂಥ ಜನರನ್ನು ಕಂಡಿಲ್ಲ. ಪ್ರತಿ ಐದು ನಿಮಿಷಕ್ಕೆ ಅಂಕಿ ಬರೆದೆ, ಹೊಗೆಯ ಕಲಮಿನಲ್ಲಿ ನೇರ ಎಂದು ಬರೆದೆ. ಹನ್ನೆರಡು ಸಲ ಬರೆದೆ. ಅರವತ್ತನೆಯ ನಿಮಿಷಕ್ಕೆ ಎಪ್ಪತ್ತೆರಡು.

ಆಮೇಲೆ ಮಲ್ಲಾರಪ್ಪನ ಲೇಪ. ಅದೇ ಎಕ್ಸ್‌ರೇ ತುಂಡು, ಅದೇ ಎಳೆತ, ಅದೇ ತಮಟೆ. ಐವತ್ತನೆಯ ನಿಮಿಷದಲ್ಲಿ ಎಪ್ಪತ್ತೆರಡು ಮುಟ್ಟಿತು. ಅಲ್ಲೇ ನಿಲ್ಲು ಎಂದು ನಾನು ಯಾವ ದೇವರನ್ನು ಕೇಳಿಕೊಂಡೆನೋ ನೆನಪಿಲ್ಲ. ಅರವತ್ತಕ್ಕೆ ಎಪ್ಪತ್ತೆರಡೂವರೆಗೆ ಬಂದು ನಿಂತಿತು.

ಓದಬೇಕಾದವನು ನಾನೇ.  ಮಲ್ಲಾರಪ್ಪ ನನ್ನ ಕಡೆ ನೋಡಿ, "ಗಟ್ಟಿಯಾಗಿ ಓದೋ, ಹಿಂದಿನೋರಿಗೆ ಕೇಳಿಸ್ಲಿ" ಎಂದ. ಓದಿದೆ.  ಸಣ್ಣೀರಮ್ಮ ಎದ್ದು, ಉಮಾಪತಿಯವರು ಕಚೇರಿಯಿಂದ ತಂದು ಮೇಜಿನ ಮೇಲಿಟ್ಟಿದ್ದ ಶಾಲನ್ನು ಕೊಡವಿ, ಲವಿನಾಳ ಹೆಗಲಿಗೆ ಹೊದಿಸಿ, "ತಗೋ ತಾಯಿ. ಇದನ್ನಾದ್ರೂ ಒದ್ದೆ ಮಾಡ್ಕೊಂಡು ಓಣೀಲಿ ಓಡಾಡಬೇಡ" ಎಂದಳು. ಲವಿನಾ ನಗಲು ಹೋಗಿ ಅತ್ತಳು. ಆಗ ಚಪ್ಪಾಳೆ ಬಿತ್ತು, ಅಂಥ ಚಪ್ಪಾಳೆ ಹಿಂದಿನ ಹದಿಮೂರು ಗೆಲುವುಗಳಿಗೂ ಬಿದ್ದಿರಲಿಲ್ಲ. ಗಿರಣಿಯ ಬಾಗಿಲಿನ ಮೇಲಿನ ಹಲಗೆಯಲ್ಲಿ ಊರಿನ ಲೇಪ ಎರಡನೆಯದು ಎಂದು ಬರೆಸಲು ಉಮಾಪತಿಯವರು ಪೇಂಟರನ್ನು ತಾವೇ ಕರೆದುಕೊಂಡು ಬಂದರು. ಬರೆಸುತ್ತ, "ದೊಡ್ಡ ಅಕ್ಷರದಲ್ಲಿ ಬರಿಯೋ" ಎಂದು ಗದರಿದರು.

ಸಂಜೆಯ ಬಸ್ಸಿಗೆ ಲವಿನಾಳ ಚೀಲಗಳನ್ನು ನಾನು ಹೊತ್ತೆ. ಕಿಟಕಿಯ ಪಕ್ಕ ಕೂತು ಅವಳು ಕೇಳಿದಳು. "ಮೊನ್ನೆಯೂ ಹೊಗೆ ನೇರ ಇತ್ತು, ಇವತ್ತೂ ನೇರ ಇತ್ತು. ಲೇಪವೂ ಅದೇ, ಯಂತ್ರವೂ ಅದೇ. ಮೊನ್ನೆ ಎಪ್ಪತ್ತಮೂರು, ಇವತ್ತು ಎಪ್ಪತ್ತೆರಡು. ನಾನು ವರದಿಯಲ್ಲಿ ಎಂಥ ಬರೀಲಿ?" ಅವಳಿಗೆ ಉತ್ತರ ಗೊತ್ತಿತ್ತು. ನನ್ನ ಬಾಯಿಂದ ಕೇಳಬೇಕೆಂದಿದ್ದಳು. ನಾನು ಚೀಲವನ್ನು ಅವಳ ಕಾಲ ಬಳಿ ಇಟ್ಟು ಇಳಿದೆ. ಬಸ್ಸು ಹೊರಟಿತು.

ಆ ವರ್ಷ ಬೀದಿಯ ಅರವತ್ತೆರಡು ಮನೆಗಳಲ್ಲೂ ಟ್ಯೂಬಿನ ಲೇಪ ಹಚ್ಚಿದರು. ಮಲ್ಲಾರಪ್ಪ ಒರಳಿಗೆ ಗೋಣಿಚೀಲ ಹೊದಿಸಿದ. ಬೀದಿಯವರು ಬಂದು, "ಎಪ್ಪತ್ತೆರಡು ಅಂದಿದ್ರಿ, ನಮಗೆ ಎಪ್ಪತ್ತಮೂರರ ಕೆಳಗೆ ಇಳಿಯಲ್ಲ" ಎಂದು ದೂರಿದಾಗ ಅವನು ಎಕ್ಸ್‌ರೇ ತುಂಡುಗಳನ್ನು ಕತ್ತರಿಸಿಕೊಂಡು ಮನೆಮನೆಗೆ ಹೋಗಿ, ಮೊಣಕೈ ಪಕ್ಕೆಗೆ ಒತ್ತಿಸಿ, ಎಳೆಯುವುದನ್ನು ಕಲಿಸಿದ. ನಾಲ್ಕೈದು ಜನರಿಗೆ ಬಂತು. ಉಳಿದವರಿಗೆ ಬರಲಿಲ್ಲ. ಪಾಪ, ವಯಸ್ಸಾಯ್ತು, ಸೋತ ಎಂದು ಕೆಲವರು ಅವನಿಗೆ ಕೇಳುವ ಹಾಗೆಯೇ ಹೇಳಿದರು. ಅವನು ಹೌದಪ್ಪ ಎಂದ. ನಾನು ಮಧ್ಯಾಹ್ನಗಳಲ್ಲಿ ಹೋಗಿ ಗೋಣಿಚೀಲ ಹೊದ್ದ ಒರಳಿನ ಎದುರು ಅವನ ಜೊತೆ ಕೂರುತ್ತಿದ್ದೆ. ಒಂದೆರಡು ಸಲ ಪುಸ್ತಕವನ್ನೂ ಒಯ್ದೆ, ಆ ಎರಡು ಅಂಕಿಗಳ ಪುಟ ತೆರೆದು ಮಂಡಿಯ ಮೇಲೆ ಇಟ್ಟುಕೊಂಡೆ. ಅವನು ಅದನ್ನು ನೋಡಿ, ಓಣಿಯ ಕಡೆ ತಿರುಗಿ, ಯಾರ ಮನೆಯ ಪಂಚೆ ಎಷ್ಟನೆಯ ಸುತ್ತಿನಲ್ಲಿದೆ ಎಂದು ಎಣಿಸತೊಡಗಿದ.

ಲವಿನಾಳ ಲೇಪವನ್ನು ಅವಳೇ ಹಚ್ಚಿದ್ದರೆ ಎಪ್ಪತ್ತಮೂರೇ ಬಂದು, ಅರ್ಧ ಡಿಗ್ರಿಯಿಂದ ತಾನು ಗೆಲ್ಲುತ್ತಿದ್ದೆನೆಂದು ಮಲ್ಲಾರಪ್ಪ ಯಾರಿಗೂ, ನನಗೂ, ಒಂದು ದಿನವೂ ಹೇಳಲಿಲ್ಲ.